ಹೇಳಬಾರದ ಎರಡು ಸಾಲು

ಎಡ ಸೊಂಟದ ಮೇಣದಬತ್ತಿ ಉರಿಯುತ್ತಿಲ್ಲ, ಉಳಿದವೆಲ್ಲ ಉರಿಯುತ್ತಿವೆ, ಇದೊಂದು ಮಿಣಕ್ ಅಂದು ಸುಮ್ಮನಾಯಿತು, ಬ್ಯಾಟರಿ ಇರಬೇಕು, ಇಲ್ಲ ತಂತಿ, ಏವ್ರಿಲ್ ಇದ್ದಿದ್ದರೆ — ಇದ್ದಿದ್ದರೆ ಅಂತ ಯಾಕೆ ಅಂದೆ, ಇದ್ದಾಳೆ, ಎರಡು ಬೀದಿ ಆಚೆ ಆಸ್ಪತ್ರೆಯಲ್ಲಿ ಇದ್ದಾಳೆ, ನನ್ನ ಹೆಂಡತಿ, ಈ ಪೋಷಾಕನ್ನು ಹೊಲಿದವಳೇ ಅವಳು, ಮೂರು ಅಂತಸ್ತಿನ ಹುಟ್ಟುಹಬ್ಬದ ಕೇಕು, ಅದರೊಳಗೆ ನಾನು, ಲೆನ್ ಬ್ರೆಂಟ್‌ನಲ್, ಅರವತ್ತೇಳರ ಗಂಡಸು, ತಲೆಗೆ ಹಳದಿ ಕೂದಲಿನ ಟೋಪನ್ನು, ತುಟಿ ತುಂಬ ಕೆಂಪು, ಮಧ್ಯಾಹ್ನದಿಂದ ಬೇಕರಿಯ ವಿಧವೆ ಬೆಸ್ಸಿ ಬನ್ ಆಗಿ ಸತ್ತ ಗಂಡನ ಮೇಲೆ ಜೋಕು ಹೊಡೆಯುತ್ತಿದ್ದೇನೆ, ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ಮೆಟ್ಟಿಲ ಮೇಲ್ತುದಿಯಲ್ಲಿ ತೆಳು ಪರದೆಯ ಹಿಂದೆ ನಿಂತಿದ್ದೇನೆ, ಕೆಳಗೆ ಕೊನೆಯ ನಮಸ್ಕಾರದ ಮೆರವಣಿಗೆ ಶುರುವಾಗಿದೆ, ಮೊದಲು ಕುಣಿಯುವ ಹುಡುಗಿಯರು, ಆಮೇಲೆ ಇಬ್ಬರು ಒಳಗೆ ಹೊಕ್ಕು ಆದ ಹಸು, ಅದರ ಹಿಂಗಾಲಿಗೂ ಮುಂಗಾಲಿಗೂ ಇವತ್ತು ಜಗಳ, ಆಮೇಲೆ ಹಿಟ್ಟು ಕದಿಯುವ ದುಷ್ಟ ಸಾಹುಕಾರ, ಮಕ್ಕಳು ಬೂ ಎಂದು ಕಿರುಚುತ್ತಿದ್ದಾರೆ, ಆಮೇಲೆ ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಮೂರನೆಯವನಾಗಿ ಬಂದ ನಾಯಕ, ಹಲ್ಲು ಚೆನ್ನಾಗಿದೆ, ಧ್ವನಿಯೂ ಪರವಾಗಿಲ್ಲ, ಆಮೇಲೆ ನಾನು. ನಾನು ಇಳಿದ ಮೇಲೆ ಹಾಡು ನಿಲ್ಲುತ್ತದೆ, ಹಾಡು ನಿಂತ ಮೇಲೆ ಆ ಎರಡು ಸಾಲು. ಹೇಳಲೇಬೇಕು. ಹೇಳಬಾರದು. ಮೊದಲ ಆಟದ ಭಯ ಇದಲ್ಲ, ಆ ಭಯದ ಪರಿಚಯ ನನಗೆ ಚೆನ್ನಾಗಿಯೇ ಇದೆ.

ಪ್ಯಾಂಟೋ ಅಂದರೆ ಕ್ರಿಸ್‌ಮಸ್ ಕಾಲದ ಈ ಹಾಡು ಕುಣಿತದ ತಮಾಷೆ ನಾಟಕ, ಅದರ ಕೊನೆಯ ಎರಡು ಸಾಲನ್ನು ಮೊದಲ ಆಟದಲ್ಲಿ ಜನರೆದುರು ನಿಲ್ಲುವ ತನಕ ಬಾಯಿಬಿಟ್ಟು ಹೇಳಬಾರದು, ತಾಲೀಮಿನಲ್ಲಿ ಇಲ್ಲ, ಬಣ್ಣದ ಕೋಣೆಯಲ್ಲಿ ಇಲ್ಲ, ಬಚ್ಚಲಲ್ಲಿ ಗುನುಗಲೂಬಾರದು, ಹೇಳಿದರೆ ಆಟ ಪೂರ್ತಿಯಾದ ಹಾಗೆ, ಶುರುವಾಗುವ ಮೊದಲೇ ಪೂರ್ತಿಯಾದ ಆಟಕ್ಕೆ ಕೇಡು. ಇದು ನಮ್ಮಲ್ಲಿ ಹಸುವಿನ ಹಿಂಗಾಲಿಗೂ ಗೊತ್ತು, ಲಂಡನ್ನಿನಿಂದ ಬಂದ ನಿರ್ದೇಶಕ ಟ್ರಿಸ್ಟನ್‌ಗೆ ಮಾತ್ರ ಗೊತ್ತಿರಲಿಲ್ಲ, ಲೆನ್, ಆ ಕೊನೇ ಸಾಲು ಒಂದ್ಸಲ ಹೇಳ್ಬಿಡಿ, ಲೈಟ್ ನೋಡ್ಕೋಬೇಕು ಅಂದ, ಇಡೀ ರಂಗ ತಣ್ಣಗಾಯಿತು, ಕುಣಿಯುವ ಹುಡುಗಿ ಒಬ್ಬಳು ಅಯ್ಯೋ ದೇವರೇ ಅಂದಳು, ನಾನು ಲಲ್ಲಲ್ಲಾ ಲಲ್ಲಲ್ಲಾ ಎಂದು ಎರಡು ಸಾಲಿನಷ್ಟು ಹಾಡಿ ಬಗ್ಗಿ ನಮಸ್ಕಾರ ಮಾಡಿದೆ, ಇಷ್ಟೇನಾ ಅಂದ ಪಾಪ, ನಿಮಗೆ ಇಷ್ಟೇ ಕಣಪ್ಪ, ಮಿಕ್ಕಿದ್ದು ಟಿಕೆಟ್ ತಗೊಂಡೋರಿಗೆ ಅಂದೆ. ಏವ್ರಿಲ್ ಕೇಳಿದ್ದರೆ ನಗುತ್ತಿದ್ದಳು, ಕೇಳಿದಳು, ಅವತ್ತು ಸಂಜೆ ಆಸ್ಪತ್ರೆಯಲ್ಲಿ ಹೇಳಿದೆ, ನಕ್ಕಳು, ನಕ್ಕು ಕೆಮ್ಮಿದಳು, ನರ್ಸ್ ಬಂದು ನನ್ನನ್ನು ಗದರಿದಳು. ನಮ್ಮ ಮನೆಯಲ್ಲಿ ಪ್ಯಾಂಟೋದ ಹಸ್ತಪ್ರತಿ ಬಂದರೆ ಮೊದಲು ಅವಳ ಕೈಗೇ ಹೋಗಬೇಕು, ಕೊನೆಯ ಹಾಳೆ ಮಡಿಸಿ ಗುಂಡುಸೂಜಿ ಚುಚ್ಚಿ ಕೊಡುತ್ತಾಳೆ, ಮೊದಲ ಆಟದ ದಿನ ರಂಗಕ್ಕೆ ಹೋಗುವ ಮುಂಚೆ ಸೂಜಿ ತೆಗೆದು ಮನಸ್ಸಿನಲ್ಲೇ ಓದಿಕೊಳ್ಳಬೇಕು, ಎರಡು ಸಾಲು ತಾನೇ, ಕತ್ತೆಗೂ ಬಾಯಿಪಾಠ ಆಗುತ್ತೆ ಅನ್ನುತ್ತಾಳೆ. ಈ ಸಲ ಹಾಸಿಗೆಯಲ್ಲೇ ಒರಗಿಕೊಂಡು ಸೂಜಿ ಬೇಕು ಅಂದಳು, ಸೂಜಿಗೀಜಿ ಇಲ್ಲೆಲ್ಲ ತರೋ ಹಾಗಿಲ್ಲ ಅಂದಳು ನರ್ಸ್, ಅಮ್ಮಾ ತಾಯಿ, ದಿನಾ ನನಗೆ ಚುಚ್ತಾ ಇರೋಳು ನೀನು, ನಾನೊಂದು ಕಾಗದಕ್ಕೆ ಚುಚ್ಚಿದ್ರೆ ತಪ್ಪಾ ಅಂದಳು ಏವ್ರಿಲ್, ಸೂಜಿ ಸೊಟ್ಟಗೆ ಹೋಯಿತು, ತೆಗೆದು ಮತ್ತೆ ಚುಚ್ಚಿದಳು, ಮತ್ತೆ ಸೊಟ್ಟ, ನಾನು ಚುಚ್ಚಲಾ ಅಂದೆ, ಮುಟ್ಟಬೇಡ, ವಸ್ತ್ರ ವಿಭಾಗದ ಕೆಲಸಕ್ಕೆ ನಟರು ಕೈ ಹಾಕಬಾರದು ಅಂದಳು. ಅದನ್ನು ನಾನು ಇವತ್ತು ತೆಗೆದು ಓದಿದ್ದೇನೆ, ಸಾಲು ತುಟಿಯ ಹಿಂದೆಯೇ ಇದೆ, ಸಾಧಾರಣ ಸಾಲು, ಯಾರೋ ಬಾಡಿಗೆಗೆ ಬರೆದದ್ದು.

ನಾಯಕ ಇಳಿಯುತ್ತಿದ್ದಾನೆ, ಹುಡುಗಿಯರ ಕಿರುಚಾಟ, ನನಗೂ ಒಂದು ಕಾಲದಲ್ಲಿ ಹೀಗೆ — ಸುಳ್ಳು, ನನಗೆ ಯಾವತ್ತೂ ಹುಡುಗಿಯರು ಕಿರುಚಲಿಲ್ಲ, ನನಗೆ ಜನ ನಗುತ್ತಿದ್ದರು, ಅದೂ ಮೊದಮೊದಲು ಇಲ್ಲ, ಗ್ರಿಮ್ಸ್‌ಬಿಯ ಮೀನುಗಾರರ ಕ್ಲಬ್ಬಿನಲ್ಲಿ ಬಿಂಗೋ ಆಟದ ಸಂದಿನಲ್ಲಿ ಹತ್ತು ಜನರ ಧ್ವನಿ ತೆಗೆದು ಮಿಮಿಕ್ರಿ ಮಾಡುತ್ತಿದ್ದೆ, ಒಳ್ಳೆ ಜೋಕಿನ ನಡುವೆ ಕ್ಲಬ್ಬಿನ ಕಾರ್ಯದರ್ಶಿ ಬಂದು ಮೈಕು ಕಿತ್ತುಕೊಂಡು ಯಾರದೋ ನೀಲಿ ವ್ಯಾನು ಬಾಗಿಲಿಗೆ ಅಡ್ಡ ನಿಂತಿದೆ, ತೆಗೀರಪ್ಪಾ ಅಂದ, ಅದು ನನ್ನದೇ ವ್ಯಾನು, ತೆಗೆದು ಬಂದು ಜೋಕು ಮುಂದುವರಿಸಿದೆ, ಆಗ ನಕ್ಕರು. ಆಮೇಲೆ ಸಮುದ್ರದಂಡೆಯ ಬೇಸಿಗೆ ಕಂಪನಿ, ಒಂದು ವಾರ ಕೊಲೆಗಾರ, ಮುಂದಿನ ವಾರ ಪಾದ್ರಿ, ಅಲ್ಲೇ ಏವ್ರಿಲ್, ತುಟಿಯ ಸಂದಿನಲ್ಲಿ ಸಾಲಾಗಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವಳು, ಉಸಿರು ಬಿಡು ಮಾರಾಯ, ಹೊಟ್ಟೆ ಇದ್ದದ್ದು ಇರಲಿ, ಮುಚ್ಚೋದು ನನ್ನ ಕೆಲಸ ಅಂದಳು, ಉಸಿರು ಬಿಟ್ಟೆ, ಅವತ್ತಿಂದ ಅವಳೆದುರು ಹೊಟ್ಟೆ ಒಳಗೆ ಎಳೆದುಕೊಂಡಿಲ್ಲ. ಆಮೇಲೆ ಟಿವಿ, ಆಸ್ಪತ್ರೆಯ ಧಾರಾವಾಹಿಯಲ್ಲಿ ಸ್ಟ್ರೆಚರ್ ತಳ್ಳುವ ಗೋರ್ಡನ್, ನನ್ನನ್ನು ಲಿಫ್ಟಿನಲ್ಲಿ ಕೆಡವಿ ಸಾಯಿಸಿದರು, ಮರುದಿನ ಮಾರ್ಕೆಟ್ಟಿನಲ್ಲಿ ಹ್ಯಾಡಕ್ ಮೀನು ಕೊಳ್ಳಲು ಹೋದರೆ ಮೀನಿನವಳು ಕಣ್ಣೀರು ಹಾಕಿ ಒಂದು ತುಂಡು ಜಾಸ್ತಿ ಹಾಕಿದಳು, ಸತ್ತವನಿಗೆ. ಮಕ್ಕಳ ಕಾರ್ಯಕ್ರಮದಲ್ಲಿ ಬೆಳ್ಳಕ್ಕಿಯ ವೇಷದೊಳಗೆ ಆರು ವರ್ಷ, ಮುಖವೇ ಕಾಣದು, ಆದರೂ ಈಗಲೂ ಅಪ್ಪಂದಿರು ರೈಲಿನಲ್ಲಿ ತಡೆದು ಆ ಕೊಕ್ಕಿನ ಟಕಟಕ ಒಂದ್ಸಲ ಮಾಡಿ ಸಾರ್ ಅನ್ನುತ್ತಾರೆ, ಮಾಡುತ್ತೇನೆ. ರಸಪ್ರಶ್ನೆಗೆ ನಿರೂಪಕ, ಜಾಹೀರಾತಿಗೆ ಸೂಪಿನ ಧ್ವನಿ, ಆಮೇಲೆ ಲಂಡನ್ನಿನಲ್ಲಿ ಒಂದು ಚಳಿಗಾಲ ಹುಚ್ಚು ಹಿಡಿದ ರಾಜ, ಬೆಳ್ಳಕ್ಕಿಯೊಳಗೆ ರಾಜನಿದ್ದಾನೆಂದು ಯಾರಿಗೆ ಗೊತ್ತಿತ್ತು ಎಂದು ಪತ್ರಿಕೆಯವರು ಬರೆದರು, ಬಹುಮುಖ ಪ್ರತಿಭೆ ಅಂತ, ಏವ್ರಿಲ್ ಅದನ್ನು ಗಟ್ಟಿಯಾಗಿ ಓದಿ, ಬಹುಮುಖ ಅಂದ್ರೆ ಮುಖ ತೊಳೆಯೋ ಸೋಪಿನ ಖರ್ಚು ಜಾಸ್ತಿ ಅಂತ, ಅಷ್ಟೇ, ಉಬ್ಬಬೇಡ ಅಂದಳು. ಆದರೂ ಪ್ರತಿ ಡಿಸೆಂಬರಿಗೆ ಇಲ್ಲಿಗೇ ಬರುತ್ತೇನೆ, ಈ ಊರಿಗೆ, ಈ ಮೆಟ್ಟಿಲಿಗೆ, ಹೆಂಗಸಿನ ಲಂಗಕ್ಕೆ, ಇಲ್ಲಿ ಯಾರನ್ನೂ ನಂಬಿಸಬೇಕಾಗಿಲ್ಲ, ನಾನು ಗಂಡಸು ಅಂತ ಎರಡು ವರ್ಷದ ಮಗುವಿಗೂ ಗೊತ್ತಿರುತ್ತದೆ, ಗೊತ್ತಿದ್ದೂ ನನ್ನನ್ನು ಬೆಸ್ಸಿ ಅಂತ ಕೂಗುತ್ತದೆ.

ಆಸ್ಪತ್ರೆಯಲ್ಲಿ ನನಗೆ ಸುಮ್ಮನೆ ಕೂರಲು ಆಗಲಿಲ್ಲ, ಕುರ್ಚಿಯಲ್ಲಿ ಕೂತರೆ ಕಾಲು ಕುಣಿಯುತ್ತದೆ, ಎದ್ದರೆ ಎಲ್ಲಿಗೆ ಹೋಗುವುದು, ಗೋರ್ಡನ್ ಆಗಿ ನಿಜವಾದ ಸ್ಟ್ರೆಚರ್ ತಳ್ಳಿದೆ, ಪಕ್ಕದ ಹಾಸಿಗೆಯ ಅಜ್ಜಿಗೆ ಬೆಳ್ಳಕ್ಕಿ, ಟೀ ತರುವವಳಿಗೆ ರಸಪ್ರಶ್ನೆ, ವಾರ್ಡೆಲ್ಲ ನಕ್ಕಿತು, ಡಾಕ್ಟರು ನನ್ನನ್ನು ಹೊರಗೆ ಕರೆದು ಕ್ರಿಸ್‌ಮಸ್ ತನಕ ಕಷ್ಟ ಅಂದಾಗಲೂ ಗೋರ್ಡನ್ನನ ಧ್ವನಿಯಲ್ಲೇ ಆಗ್ಲಿ ಡಾಕ್ಟ್ರೇ ಅಂದೆ, ನಾಚಿಕೆಯಾಯಿತು. ಒಳಗೆ ಬಂದರೆ ಏವ್ರಿಲ್ ನೋಡುತ್ತಿದ್ದಾಳೆ, ಆ ಸ್ಟ್ರೆಚರ್‌ನವನನ್ನ ಹೊರಗೆ ಕಳಿಸು, ಬೆಳ್ಳಕ್ಕಿನೂ ಹೋಗ್ಲಿ, ರಾಜನೂ ಹೋಗ್ಲಿ, ಲೆನ್‌ನ ಕರಿ ಅಂದಳು. ಲೆನ್ ಬಂದ್ರೆ ಅಳ್ತಾನೆ ಅಂದೆ. ಅಳ್ಲಿ ಬಿಡು, ಟವೆಲ್ ಇದೆ ಅಂದಳು. ಅತ್ತೆ, ಅವಳ ಅಂಗೈಯಲ್ಲಿ ಮುಖವಿಟ್ಟು ಅತ್ತೆ, ನನಗೆ ಎಲ್ಲ ಪಾತ್ರವೂ ಬರುತ್ತದೆ, ಹೆಂಡತಿ ಇಲ್ಲದವನ ಪಾತ್ರ ಬರುವುದಿಲ್ಲ, ಅವಳನ್ನು ಬಿಟ್ಟು ಇರಲು ನನಗೆ ಗೊತ್ತಿಲ್ಲ, ಇದನ್ನು ಹಾಗೇ ಅವಳಿಗೆ ಹೇಳಿದೆ. ಸುಮಾರು ಹೊತ್ತು ತಲೆ ಸವರಿದಳು, ಆಮೇಲೆ ನಾಟಕದ ಕಂಪನಿಯ ಧ್ವನಿಯಲ್ಲಿ, ಮೊದಲ ಆಟ ಯಾವತ್ತು ಅಂದಳು, ಮುಂದಿನ ಶನಿವಾರ ಮಧ್ಯಾಹ್ನ ಅಂದೆ, ಈ ಸಲ ಬೇರೆಯವರು ಮಾಡ್ಲಿ, ನಾನು ನಿನ್ನ ಹತ್ರ ಇರ್ತೀನಿ ಅಂದೆ, ಥೂ, ನನ್ನ ಕೇಕನ್ನ ಇನ್ಯಾವನೋ ಹಾಕ್ಕೊಳ್ಳೋದಾ, ಹೊಲಿಗೆ ಬಿಚ್ಚಿ ಹೋಗತ್ತೆ, ಹೋಗಿ ಮಾಡು, ಆ ಸಾಲು ಹೇಳೋವರೆಗೂ ಆಟ ಪೂರ್ತಿ ಆಗಲ್ಲ ತಾನೇ, ಪೂರ್ತಿ ಆಗದ ಆಟ ಬಿಟ್ಟು ನಾನು ಯಾವತ್ತಾದ್ರೂ ಮನೆಗೆ ಹೋಗಿದೀನಾ, ಕಾಯ್ತೀನಿ ಹೋಗು. ತಮಾಷೆಗೆ ಅಂದದ್ದು. ಆದರೆ ಕಾದಳಲ್ಲ, ಡಾಕ್ಟರು ಬುಧವಾರ ಅಂದರು, ಬುಧವಾರ ಹೋಯಿತು, ಶುಕ್ರವಾರ ದಾಟಲ್ಲ ಅಂದರು, ದಾಟಿದಳು, ಇವತ್ತು ಬೆಳಿಗ್ಗೆ ಮಾತು ನಿಂತಿತ್ತು, ಉಸಿರು ಇತ್ತು, ಅವಳ ತಂಗಿ ಗ್ಲೆನಿಸ್ ಪಕ್ಕದಲ್ಲಿ ಕೂತಿದ್ದಾಳೆ, ಕಾಯುತ್ತಿದ್ದಾಳೆ ಏವ್ರಿಲ್, ನಾನು ಆ ಸಾಲು ಹೇಳಲಿ ಅಂತ. ಹೇಳಿದರೆ ಎದ್ದು ಕೋಟು ಹಾಕಿಕೊಂಡು ಹೊರಡುತ್ತಾಳೆ. ಹುಚ್ಚು ಅಂತ ಗೊತ್ತು, ಗೊತ್ತಿದ್ದೂ ಕೆಳಗಿನ ಹಾಡಿನಲ್ಲಿ ಇನ್ನೆಷ್ಟು ಚರಣ ಉಳಿದಿದೆ ಎಂದು ಎಣಿಸುತ್ತಿದ್ದೇನೆ.

ಗ್ಲೆನಿಸ್ ಫೋನು ಮಾಡಿದರೆ ರಂಗ ನೋಡಿಕೊಳ್ಳುವ ನಸ್ರೀನ್‌ಗೆ ಬರುತ್ತದೆ, ಎಡ ಸೈಡ್‌ವಿಂಗಿನಲ್ಲಿ ನೀಲಿ ದೀಪದ ಕೆಳಗೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ನಿಂತು ಪರದೆ ಏಳಿಸುವವಳು, ಇಳಿಸುವವಳು, ಏನೇ ಸುದ್ದಿ ಬಂದರೂ ಪರದೆ ಬೀಳೋ ತನಕ ಹೇಳಬೇಡಮ್ಮ ಅಂತ ಅವಳ ಕೈ ಹಿಡಿದು ಕೇಳಿದ್ದೇನೆ, ಆಯ್ತು ಲೆನ್, ಆದ್ರೆ ನನಗೆ ನಿಮ್ಮ ಥರ ನಟನೆ ಬರಲ್ಲ, ಮುಖದಲ್ಲಿ ಗೊತ್ತಾಗ್ಬಿಡತ್ತೆ ಅಂದಳು. ಇಷ್ಟು ಹೊತ್ತು ಮುಖದಲ್ಲಿ ಏನೂ ಕಾಣಲಿಲ್ಲ, ಅಂದರೆ ಏನೂ ಆಗಿಲ್ಲ, ವಿರಾಮದಲ್ಲಿ ಹೆಬ್ಬೆರಳು ಎತ್ತಿ ತೋರಿಸಿದಳು, ಕಸ್ಟರ್ಡ್ ಎರಚಾಟದಲ್ಲಿ ಸಾಹುಕಾರನ ಕಿವಿಯೊಳಗೆ ಹೋದಾಗ ಬಾಯಿ ಮುಚ್ಚಿಕೊಂಡು ನಕ್ಕಳು, ನೇರ ನನ್ನ ಕಣ್ಣಿಗೇ ನೋಡಿ ನಕ್ಕಳು. ಪರದೆ ಸರಿಯಿತು, ಬೆಳಕು ಮುಖಕ್ಕೆ ಬಡಿಯಿತು, ನನ್ನ ಹಾಡು, ಬೆಸ್ಸಿ ಬೆಸ್ಸಿ ಎಂದು ಕೂಗು, ಇಳಿಯುತ್ತಿದ್ದೇನೆ, ಲಂಗ ಎತ್ತಿ, ಬೇಕೆಂದೇ ಒಂದು ಮೆಟ್ಟಿಲು ತಪ್ಪಿ, ನಗು, ಮಿಠಾಯಿ ಎರಚುತ್ತಿದ್ದೇನೆ, ಮಕ್ಕಳು ಸೀಟಿನ ಮೇಲೆ ನಿಂತಿದ್ದಾರೆ, ಎಲ್ಲರೂ ಸಾಲಾಗಿ ಕೈ ಹಿಡಿದಿದ್ದಾರೆ, ಹಾಡು ನಿಂತಿತು, ನಿಂತೇಬಿಟ್ಟಿತು, ಮುಂದೆ ಬಂದು ನಿಂತಿದ್ದೇನೆ, ನನ್ನ ಬಾಯಿ ತಾನಾಗಿ ತೆರೆದುಕೊಂಡಿತು, ಬನ್ನು ತೀರಿತು, ಬೆಣ್ಣೆ ತೀರಿತು, ಒಲೆಯ ಬೆಂಕಿ ಆರಿತು — ಒಂದು ಸಾಲು ಹೋಯಿತು, ಇನ್ನೊಂದಿದೆ, ಇನ್ನೊಂದನ್ನು ಹಲ್ಲಿನ ಹಿಂದೆ ಕಚ್ಚಿ ಹಿಡಿದಿದ್ದೇನೆ. ಮೌನ. ಜನ ಕಾಯುತ್ತಿದ್ದಾರೆ. ಹಸುವಿನೊಳಗಿಂದ ಯಾರೋ ಹೇಳು ಲೆನ್ ಎಂದು ಪಿಸುಗುಟ್ಟಿದರು, ಐವತ್ತು ವರ್ಷದ ಅಭ್ಯಾಸ, ಮೌನವಾದರೆ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ, ಬೆಸ್ಸಿಯ ಧ್ವನಿ ಬರುತ್ತದೆ, ನಾನು ಹೇಳಲ್ಲ! ಅಂದೆ. ಬೆಸ್ಸಿ ಇಲ್ಲ ಅಂದರೆ ಹೌದು ಅಂತ ಕೂಗಬೇಕು, ಪ್ಯಾಂಟೋದ ಹಳೆಯ ಆಟ, ಮಕ್ಕಳಿಗೆ ಇದು ಗೊತ್ತು, ಇದಕ್ಕೇ ಬಂದವರು ಅವರು, ಹೇಳ್ತೀಯಾ! ಎಂದು ಒಟ್ಟಿಗೆ ಕೂಗಿದರು, ಹೇಳಲ್ಲವೇ ಹೇಳಲ್ಲ! ಹೇಳ್ತೀಯಾ ಹೇಳ್ತೀಯಾ! ಅಪ್ಪಂದಿರೂ ಅಜ್ಜಿಯರೂ ಸೇರಿಕೊಂಡರು, ಕಟ್ಟಡವೇ ಅದುರುತ್ತಿದೆ, ಇದು ತಮಾಷೆ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ, ನಿಮ್ಮ ದಮ್ಮಯ್ಯ ಇನ್ನೂ ಕೂಗಿ, ಸಂಜೆಯ ತನಕ ಕೂಗಿ, ಹೇಳಲ್ಲ ನಾನು, ನೀವು ಹೇಳ್ತೀಯಾ ಅನ್ನುತ್ತಾ ಇರಿ, ನಾನು ಹೇಳಲ್ಲ ಅನ್ನುತ್ತಾ ಇರುತ್ತೇನೆ, ಅಷ್ಟು ಹೊತ್ತು ಅವಳು ಇರುತ್ತಾಳೆ. ಟ್ರಿಸ್ಟನ್ ಬೈಯುತ್ತಾನೆ, ಬೈಯಲಿ, ಪರದೆ ಇಳಿಸಬೇಡ ನಸ್ರೀನ್, ಇನ್ನೂ ಸ್ವಲ್ಪ ಎಂದು ಕಣ್ಣಲ್ಲೇ ಹೇಳಲು ಎಡಕ್ಕೆ ತಿರುಗಿದೆ, ನೀಲಿ ದೀಪ ಇದೆ, ನಸ್ರೀನ್ ಇದ್ದಾಳೆ, ಹೆಬ್ಬೆರಳು ಗುಂಡಿಯ ಮೇಲಿದೆ, ತಲೆ ತಗ್ಗಿಸಿದ್ದಾಳೆ, ನೆಲ ನೋಡುತ್ತಿದ್ದಾಳೆ, ಕಟ್ಟಡದಲ್ಲಿ ಇರುವವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ, ಅವಳೊಬ್ಬಳು ನೆಲ ನೋಡುತ್ತಿದ್ದಾಳೆ, ಹೆಡ್‌ಫೋನು ಕತ್ತಿಗೆ ಜಾರಿದೆ, ಯಾಕೆ ಜಾರಿಸಿದೆ, ಹೇಳ್ತೀಯಾ ಎನ್ನುತ್ತಿದ್ದಾರೆ ಮಕ್ಕಳು, ಇತ್ತ ನೋಡೇ ಹುಡುಗಿ, ನಾನಿನ್ನೂ ಹೇಳಿಲ್ಲ, ಒಂದೇ ಒಂದು ಸಾಲು ಹೇಳಿದ್ದು, ಇನ್ನೊಂದು ಇಲ್ಲೇ ಇದೆ, ಆಟ ಪೂರ್ತಿ ಆಗಿಲ್ಲ, ಹೇಳ್ತೀಯಾ ಹೇಳ್ತೀಯಾ, ತಲೆ ಎತ್ತು ನಸ್ರೀನ್, ಒಂದು ಸಲ, ನಗಬೇಡ ಬೇಕಾದರೆ, ಸುಮ್ಮನೆ ಎತ್ತು, ತಲೆ ಎತ್ತು ತಾಯಿ, ಅವಳು ಎತ್ತುತ್ತಿಲ್ಲ, ನೆಲ ನೋಡುತ್ತಿದ್ದಾಳೆ, ಅವಳು ಎತ್ತುತ್ತಿಲ್ಲ