ಪ್ರತಿ ಹೊತ್ತಿಗೂ ಹೊಸ ವುಝು

ಬೀಗ ರಿಪೇರಿಯ ಕೆಲಸವಾದ್ದರಿಂದ ಬೀದಿಯವರೆಲ್ಲ ಅವರನ್ನು ‘ಬೀಗರು’ ಎಂದೇ ಕರೆಯುತ್ತಿದ್ದರು. “ಊರಿಗೆಲ್ಲ ಬೀಗರು ನಾನು, ಒಬ್ಬನೂ ಮದುವೆ ಊಟಕ್ಕೆ ಕರೆಯಲ್ಲ” ಎಂದು ಅವರೇ ನಗುತ್ತಿದ್ದರು. ಅಜಾನ್ ಕೇಳಿದ ಕೂಡಲೇ ಕೀಲಿ ತೀಡುವ ಅರ ಕೆಳಗಿಟ್ಟು, ಉಗುರಿನ ಸಂದಿಯ ಎಣ್ಣೆ ಜಿಡ್ಡು ಹೋಗುವ ತನಕ ಉಜ್ಜಿ, ನಮಾಜಿಗೆ ಮುಂಚಿನ ವುಝು ಮಾಡುತ್ತಿದ್ದರು. ಕೊನೆಗೆ ಕಾಲು ತೊಳೆದು ನಿಂತು, ‘ಅಲ್ಲಾಹನೇ, ಪಶ್ಚಾತ್ತಾಪ ಪಡುವವರಲ್ಲಿ ನನ್ನನ್ನು ಸೇರಿಸು, ಶುದ್ಧರಾಗಿರುವವರಲ್ಲಿ ನನ್ನನ್ನು ಸೇರಿಸು’ ಎಂಬ ದುಆ ಮುಗಿಯುವ ತನಕ ಯಾರು ಮಾತಾಡಿಸಿದರೂ ಹೂಂ ಎನ್ನುತ್ತಿರಲಿಲ್ಲ.

ಅಂಥವರ ಕರುಳಿನಲ್ಲಿ ಗಂಟು ಕಾಣಿಸಿಕೊಂಡಿತು. ಆಸ್ಪತ್ರೆಯವರು ಕರುಳು ಕತ್ತರಿಸಿ, ಹೊಟ್ಟೆಯ ಎಡಗಡೆ ದಾರಿ ಮಾಡಿ, ಅಲ್ಲೊಂದು ಪ್ಲಾಸ್ಟಿಕ್ ಚೀಲ ಅಂಟಿಸಿ ಮನೆಗೆ ಕಳಿಸಿದರು. ಇನ್ನು ಮೇಲೆ ಮಲವೆಲ್ಲ ಹೇಳದೆ ಕೇಳದೆ ಅದರೊಳಗೇ ಬೀಳುತ್ತದೆ, ತುಂಬಿದಾಗ ಖಾಲಿ ಮಾಡಬೇಕು ಎಂದು ನರ್ಸು ಹೆಂಡತಿಗೆ ಕಲಿಸಿಕೊಟ್ಟಳು.

ಬೀಗರು ನಮಾಜು ಬಿಟ್ಟರು. ಅಜಾನ್ ಆದಾಗಲೆಲ್ಲ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ನೋವಿಗಿರಬೇಕು ಎಂದುಕೊಂಡು ಹೆಂಡತಿ ಸುಮ್ಮನಿದ್ದಳು. ಒಂದು ಬೆಳಿಗ್ಗೆ ಆಕೆ ಚೀಲ ಬದಲಿಸುತ್ತಿದ್ದಾಗ ಅವರೇ ಬಾಯಿಬಿಟ್ಟರು.

“ಕಕ್ಕಸಿಗೆ ಹೋಗುವಾಗ ಒಂದು ದುಆ, ಬರುವಾಗ ಒಂದು. ನಾನೀಗ ಹೋಗೋದೂ ಇಲ್ಲ, ಬರೋದೂ ಇಲ್ಲ. ನಾನೇ ಕಕ್ಕಸಾಗಿದ್ದೀನಿ. ಯಾವ ದುಆ ಹೇಳ್ಲಿ?”

ತಮಾಷೆಯೆಂದು ನಗಲು ಹೋದವಳು ಅವರ ಮುಖ ನೋಡಿ ತಡೆದುಕೊಂಡಳು.

“ಬರುವಾಗ ಹೇಳೋದರ ಅರ್ಥ ಏನ್ರೀ?”

“ತೊಂದರೆಯನ್ನ ನನ್ನಿಂದ ದೂರ ಮಾಡಿ, ಆರಾಮ ಕೊಟ್ಟ ಅಲ್ಲಾಹನಿಗೆ ಸ್ತುತಿ ಅಂತ.”

“ದೂರ ಆಯ್ತಲ್ಲ. ಇಗೋ, ನನ್ನ ಕೈಲಿದೆ. ಹೇಳಿ.”

ಅವರು ಗೋಡೆಯ ಕಡೆ ತಿರುಗಿದರು.

ಅಂದು ಮಧ್ಯಾಹ್ನ ಆಕೆ ಮಸೀದಿಯ ಇಮಾಮರ ಮನೆ ಬಾಗಿಲಿಗೆ ಹೋದಳು. ಮಗನ ವಯಸ್ಸಿನವರು, ಹೇಳಲು ನಾಲಗೆಯೇ ಏಳಲಿಲ್ಲ. ಅಂತೂ ಹೇಳಿ ಮುಗಿಸಿದಾಗ ಅವರು, “ನಾನೇ ಬರ್ತೀನಮ್ಮ” ಎಂದರು.

ಬಂದವರು ಕುರ್ಚಿ ಬಿಟ್ಟು ಹಾಸಿಗೆಯ ಅಂಚಿನಲ್ಲೇ ಕೂತರು. “ಚಾಚಾ, ನಿಲ್ಲಿಸೋಕೆ ನಿಮ್ಮ ಕೈಲಾಗದ್ದು ತಪ್ಪಲ್ಲ. ನಮಾಜಿನ ಹೊತ್ತಾದ ಮೇಲೆ ವುಝು ಮಾಡಿ, ನಮಾಜು ಮಾಡಿ. ನಡುವೆ ಚೀಲಕ್ಕೆ ಏನು ಬಂದ್ರೂ ವುಝು ಕೆಡಲ್ಲ. ಮುಂದಿನ ಹೊತ್ತಿಗೆ ಹೊಸ ವುಝು.”

ಅಷ್ಟರಲ್ಲೇ ಚೀಲದಿಂದ ಗುಳಗುಳ ಸದ್ದು ಬಂತು, ಹಿಂದೆಯೇ ವಾಸನೆ. ಬೀಗರು ಕಣ್ಣು ಮುಚ್ಚಿಕೊಂಡರು. ಇಮಾಮರು ಕೂತಲ್ಲಿಂದ ಮಿಸುಕದೆ, “ಅಸರ್ ನಮಾಜಿನ ಹೊತ್ತಾಯ್ತು. ಏಳ್ತೀರಾ? ನೀರು ನಾನು ಹಾಕ್ತೀನಿ” ಎಂದರು.

ಹೆಂಡತಿ ಬೋಗುಣಿ ತಂದಿಟ್ಟಳು. ಕೈ, ಬಾಯಿ, ಮೂಗು, ಮುಖ ಎಲ್ಲ ಆಯಿತು. ತಲೆ ಸವರಿ, ಕಾಲು ತೊಳೆದು, ಬೀಗರು ದುಆ ಶುರುಮಾಡಿದರು. ‘ಶುದ್ಧರಾಗಿರುವವರಲ್ಲಿ’ ಎಂಬಲ್ಲಿಗೆ ಬಂದು ನಿಲ್ಲಿಸಿದರು.

“ಇವತ್ತಿಗೆ ಇಷ್ಟೇ ಬರೋದು” ಎಂದರು ಬೀಗರು.

“ಸಾಕು” ಎಂದರು ಇಮಾಮರು.

ಅಂದಿನಿಂದ ಕುರ್ಚಿಯ ಮೇಲೆ ಕೂತು ಐದು ಹೊತ್ತೂ ನಮಾಜು ಮಾಡಿದರು. ಎರಡು ತಿಂಗಳೂ ತುಂಬಲಿಲ್ಲ, ರೋಗ ಯಕೃತ್ತಿಗೆ ಹಬ್ಬಿತು. ಒಂದು ದಿನ ಹತ್ತು ಗಂಟೆಯ ಬಿಸಿಲಿನಲ್ಲಿ, ಹೆಂಡತಿ ದಿಂಬು ಸರಿಮಾಡುತ್ತಿರುವಾಗಲೇ ಹೋಗಿಬಿಟ್ಟರು.

ಮಯ್ಯತ್‌ಗೆ ಕೊನೆಯ ಸ್ನಾನ ಮಾಡಿಸಲು ಮೈದುನ ಇಬ್ಬರು ಗಂಡಸರನ್ನು ಕರೆತಂದ. “ಅತ್ತಿಗೆ, ನೀವು ಒಳಗಿರಿ. ಗಂಡಸರು ನೋಡ್ಕೋತಾರೆ.”

“ಗಂಡನ ಮೈ ತೊಳೆಯೋಕೆ ಹೆಂಡತಿಗೆ ಹಕ್ಕಿದೆ, ಇಮಾಮರನ್ನ ಕೇಳು. ಆ ಚೀಲ ನೀವ್ಯಾರೂ ಮುಟ್ಟಬೇಡಿ. ಅವರಿಗೆ ನಾಚಿಕೆ ಆಗುತ್ತೆ.”

ಮೈದುನ ಆ ಇಬ್ಬರನ್ನು ಹೊರಗೆ ಕಳಿಸಿ, ಚೊಂಬು ಹಿಡಿದು ನಿಂತ. ಹೊದಿಸಿದ ಬಟ್ಟೆಯೊಳಗೆ ಕೈಹಾಕಿ ಆಕೆ ಚೀಲದ ಅಂಟಿನ ಅಂಚನ್ನು ಬೆಚ್ಚನೆಯ ನೀರಿನಿಂದ ನೆನೆಸಿ, ಚರ್ಮ ಜಗ್ಗದ ಹಾಗೆ ಎಳೆಎಳೆಯಾಗಿ ಬಿಡಿಸಿದಳು. “ಆಯ್ತು, ಆಯ್ತು, ಇನ್ನು ಸ್ವಲ್ಪ” ಎಂದು ಬಾಯಿ ತಾನಾಗಿ ಹೇಳುತ್ತಿತ್ತು. ಮೈದುನ ಮುಖ ತಿರುಗಿಸಿಕೊಂಡ. ಆಕೆ ಅಲ್ಲಿ ಹತ್ತಿಯಿಟ್ಟು ಬಿಗಿದು, ವುಝು ಮಾಡಿಸಿ, ಬಲಗಡೆಯಿಂದ ನೀರು ಹಾಕಿದಳು, ಮೂರು ಸಲ.

ಗಂಡಸರು ಎತ್ತಿಕೊಂಡು ಹೋದ ಮೇಲೆ ಓರಗಿತ್ತಿ ಬಂದು, “ಅಕ್ಕ, ಈಗ ನೀನು ಸ್ನಾನ ಮಾಡು” ಎಂದು ಬಚ್ಚಲಿಗೆ ಕಳಿಸಿದಳು. ಬಹಳ ಹೊತ್ತಾದರೂ ಮೈಮೇಲೆ ನೀರು ಬಿದ್ದ ಸದ್ದಿಲ್ಲ. ಬಾಗಿಲು ತಳ್ಳಿ ನೋಡಿದರೆ, ಬಕೆಟ್ಟು ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಆಕೆ ಉಟ್ಟ ಬಟ್ಟೆಯಲ್ಲೇ ಮಣೆಯ ಮೇಲೆ ಕೂತಿದ್ದಳು. ಓರಗಿತ್ತಿ ನಲ್ಲಿ ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗುವಿಗೆ ಹಾಕುವ ಹಾಗೆ ತಾನೇ ನೀರು ಹಾಕತೊಡಗಿದಳು.