ರೆಕ್ಕೆಯೊಳಗಿನ ಬಲ್ಬು

ಅಬ್ಬ ತಮ್ಮ ಹೆಸರನ್ನು ತಮ್ಮದೇ ಅಂಗಿಯ ತೋಳಿನಿಂದ ಒರೆಸಿದರು.

ನನ್ನ ಅಬ್ಬ ರಹಮತುಲ್ಲಾ ಮೂವತ್ತು ವರ್ಷದಿಂದ ಆರ್.ಟಿ. ನಗರದ ಮನೆಗಳಿಗೆ ಬಣ್ಣ ಹಚ್ಚುತ್ತ ಬಂದವರು. ಬಣ್ಣದ ಕೊನೆಯ ಕೋಟ್ ಹಚ್ಚುವ ಮೊದಲು ಗೋಡೆಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಹೆಸರು ಬರೆಯುವುದು ಅವರ ರೂಢಿ. ಮೇಲೆ ಬಣ್ಣ ಬಿದ್ದರೆ ಅದು ಯಾರಿಗೂ ಕಾಣುವುದಿಲ್ಲ. ಎಷ್ಟೋ ಮನೆಗಳಲ್ಲಿ ಜನ ಆ ಹೆಸರಿಗೆ ಬೆನ್ನು ಆನಿಸಿ ಕೂತು ಟೀವಿ ನೋಡುತ್ತಿದ್ದಾರೆ. ಈ ಸಲ ಅವರು ಬರೆದದ್ದು ವಿಮಾನದ ರೆಕ್ಕೆಯ ಮೇಲೆ.

“ಏನ್ ಸಾಬ್ರೇ ಇದು? ಅಳ್ಸಿ, ಅಳ್ಸಿ,” ಎಂದ ಅಶ್ವತ್ಥ್. “ಏರೋಪ್ಲೇನ್ ಕಣ್ರೀ. ಕಾಂಪೌಂಡ್ ಗೋಡೆ ಅಂದ್ಕೊಂಡ್ರಾ?”

“ಬಿಡು ಮಗಾ,” ಎಂದ ಅವನ ಗೆಳೆಯನೊಬ್ಬ. “ಫೋನ್ ನಂಬರೂ ಬರ್ಕೊಳ್ಲಿ. ಮೇಲೆ ಹದ್ದುಗಳಿಗೂ ಪೇಂಟಿಂಗ್ ಕೆಲ್ಸ ಇರ್ಬೋದು.”

ಎಲ್ಲರೂ ನಕ್ಕರು. ಅಬ್ಬನೂ ನಕ್ಕಂತೆ ಮಾಡಿದರು. ನನಗೆ ಸಹಿಸಲಾಗದೇ ಹೋದದ್ದು ಆ ನಗು.

ಅಶ್ವತ್ಥ್ ರಾಜಾನುಕುಂಟೆಯ ಹೊಲಗಳನ್ನು ಲೇಔಟ್ ಮಾಡಿ ಮಾರಿದವನು. ಉಳಿಸಿಕೊಂಡ ಜಾಗದಲ್ಲಿ ಒಂದು ಶೆಡ್ಡು ಹಾಕಿ, ನಾಲ್ಕು ವರ್ಷದಿಂದ ಇಬ್ಬರು ಕೂರುವ ವಿಮಾನ ಕಟ್ಟುತ್ತಿದ್ದ. ರೆಕ್ಕೆ ಎಂದರೆ ಅಲ್ಯೂಮಿನಿಯಂ ಚೌಕಟ್ಟಿಗೆ ಅಂಟಿಸಿ, ಇಸ್ತ್ರಿಪೆಟ್ಟಿಗೆಯಿಂದ ಬಿಗಿಸಿದ ಪಾಲಿಯೆಸ್ಟರ್ ಬಟ್ಟೆ. ಅದಕ್ಕೆಂದೇ ಇರುವ ಬಣ್ಣ ಹೊರದೇಶದಿಂದ ಬರಬೇಕು, ಬಲು ದುಬಾರಿ. ಮನೆಯ ಹೊರಗೋಡೆಗೆ ಹಚ್ಚುವ ಪೇಂಟೇ ಸಾಕು ಎಂದು ಎಲ್ಲೋ ಓದಿ ತಾನೇ ಹಚ್ಚಿದ್ದ. ಅದು ಹಾಲಿನ ಕೆನೆಯ ಹಾಗೆ ಎದ್ದು ಬಂತು. ಆಮೇಲೆ ಅಬ್ಬನನ್ನು ಕರೆಸಿದ.

ಅಬ್ಬ ಒಂದು ವಾರ ಬಟ್ಟೆಯ ತುಂಡುಗಳ ಮೇಲೆ ಹಚ್ಚಿ, ಕಿತ್ತು, ಮತ್ತೆ ಹಚ್ಚಿ ನೋಡಿದರು. ಮೊದಲ ಕೋಟನ್ನು ತೆಳ್ಳಗೆ ಮಾಡಿ ಸ್ಪಾಂಜಿನಿಂದ ಉಜ್ಜಿ ಎಳೆಯೊಳಗೆ ಇಳಿಸಬೇಕು. ಅದರ ಮೇಲೆ ಎರಡು ಕೋಟ್ ಕಪ್ಪು, ಕೊನೆಗೆ ಬಿಳಿ. ಬಿಸಿಲು ಈ ಬಟ್ಟೆಯನ್ನು ತಿನ್ನುತ್ತದೆ, ಕಪ್ಪು ಅದನ್ನು ತಡೆಯುತ್ತದೆ. ಕಪ್ಪು ಎಲ್ಲಾದರೂ ಬಿಟ್ಟಿದೆಯೇ ಎಂದು ತಿಳಿಯಲು ರೆಕ್ಕೆಯೊಳಗೆ ಬಲ್ಬು ಇಟ್ಟು ಶೆಡ್ಡಿನ ಬಾಗಿಲು ಎಳೆಯಬೇಕು. ಬೆಳಕು ಹೊರಬರುವ ಕಡೆಯಲ್ಲೆಲ್ಲ ಬಿಸಿಲು ಒಳಹೋಗುತ್ತದೆ.

ಬಲ ರೆಕ್ಕೆ ಮುಗಿದ ಮೇಲೆ ಅಶ್ವತ್ಥ್ ಒಂದು ವಿಡಿಯೋ ಮಾಡಿದ. “ಇದು ನನ್ ಓನ್ ಫಾರ್ಮುಲಾ,” ಎಂದು ಶುರು ಮಾಡಿ, ಅಬ್ಬ ಹೇಳಿಕೊಟ್ಟಿದ್ದನ್ನೇ ಅಬ್ಬನ ಮಾತಿನಲ್ಲೇ ಹೇಳಿದ. ನಾನು ಅದನ್ನು ಅಬ್ಬನಿಗೆ ತೋರಿಸಿದೆ. ಅವರು ಪೂರ್ತಿ ನೋಡಿ ಫೋನು ವಾಪಸು ಕೊಟ್ಟು, “ನಾಳೆ ಎಡ ರೆಕ್ಕೆ ಶುರು ಮಾಡಬೇಕು,” ಎಂದರು.

ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ಅಬ್ಬನ ಬಲ ಭುಜ ಏಳುತ್ತಿರಲಿಲ್ಲವೆಂದು ಜೊತೆಗೆ ಹೋಗಿ, ಎಡ ರೆಕ್ಕೆಯ ಕಪ್ಪು ಕೋಟ್ ನಾನೇ ಹಚ್ಚಿದೆ. ಅದಕ್ಕೂ ಮೊದಲು, ಅಬ್ಬ ಶುಕ್ರವಾರದ ನಮಾಜಿಗೆ ಆರ್.ಟಿ. ನಗರಕ್ಕೆ ಹೋಗಿದ್ದಾಗ, ಬಣ್ಣ ತಾಗದಂತೆ ಅಂಟಿಸುವ ಮಾಸ್ಕಿಂಗ್ ಟೇಪನ್ನು ಕತ್ತರಿಸಿ ರೆಕ್ಕೆಯ ನಡುವೆ ಮೊಳದುದ್ದದ ಅಕ್ಷರಗಳನ್ನು ಅಂಟಿಸಿದೆ. ಅವುಗಳ ಮೇಲೆ ಕಪ್ಪು ಹಚ್ಚಿದೆ. ಟೇಪು ಕಿತ್ತೆ. ಅಂಚುಗಳನ್ನು ಉಪ್ಪುಕಾಗದದಿಂದ ನಯ ಮಾಡಿ, ಸಂಜೆ ಅಬ್ಬ ಬರುವಷ್ಟರಲ್ಲಿ ಮೊದಲ ಬಿಳಿಯನ್ನೂ ಎಳೆದಿದ್ದೆ.

“ಬಲ್ಬು ಹಿಡಿದು ನೋಡಿದೆಯಾ ಸುಮೈರಾ ಬೇಟಾ?” ಎಂದರು ಅಬ್ಬ.

“ನೋಡಿದೆ. ಎಲ್ಲೂ ಬಿಟ್ಟಿಲ್ಲ.”

ಅವರಿಗೆ ನಾನು ಹಾಗೆ ಸುಳ್ಳು ಹೇಳಿದ್ದು ಅದೇ ಮೊದಲು. ಅವರು ನಂಬಿದರು.

ಪರೀಕ್ಷೆಗೆ ಬಂದವರು ಯಲಹಂಕದ ವೆಂಕಟರಾಮಯ್ಯ. ವಯಸ್ಸಾದ ವಿಮಾನ ಎಂಜಿನಿಯರ್. ಅವರು ಸಹಿ ಹಾಕದೆ ಅಶ್ವತ್ಥ್ ಹಾರುವಂತಿರಲಿಲ್ಲ. ಅವನು ನೆಂಟರನ್ನು, ಗೆಳೆಯರನ್ನು ಸೇರಿಸಿದ್ದ, ಅವನ ದೊಡ್ಡಪ್ಪ ಚಿಕ್ಕಬೈರಪ್ಪನವರೂ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ರೆಕ್ಕೆಗಳನ್ನು ಇನ್ನೂ ವಿಮಾನಕ್ಕೆ ಕೂಡಿಸಿರಲಿಲ್ಲ, ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಅಬ್ಬ ಮತ್ತು ನಾನು ಬಣ್ಣದ ಡಬ್ಬಗಳ ಹತ್ತಿರ ನಿಂತಿದ್ದೆವು.

“ಫುಲ್ ನನ್ ಕೈಯಾರೆ ಸಾರ್. ಪೇಂಟೂ ನಂದೇ,” ಎಂದ ಅಶ್ವತ್ಥ್. “ನೋಡಿ, ಎಲ್ಲಾದ್ರೂ ಲೈಟ್ ಕಾಣ್ಸಿದ್ರೆ ಅಲ್ಲಿ ಬಟ್ಟೆ ಸತ್ತಂಗೆ.”

ಬಾಗಿಲು ಎಳೆದರು. ಬಲ ರೆಕ್ಕೆಯೊಳಗೆ ಬಲ್ಬು ಹೊತ್ತಿಸಿದ. ಒಂದು ಚುಕ್ಕಿ ಬೆಳಕೂ ಕಾಣಲಿಲ್ಲ. ಚಪ್ಪಾಳೆ ಬಿತ್ತು. ಆಮೇಲೆ ಎಡ ರೆಕ್ಕೆ.

ರಹಮತುಲ್ಲಾ.

ಆ ಕತ್ತಲಲ್ಲಿ ಹೆಸರು ಕೆಂಡದ ಹಾಗೆ ಉರಿಯುತ್ತಿತ್ತು. ಅಶ್ವತ್ಥನ ಮುಖದ ಮೇಲೆ ಆ ಅಕ್ಷರಗಳ ಬೆಳಕು ಬಿದ್ದಿತ್ತು. ನಾನು ಅದನ್ನು ಕಣ್ತುಂಬ ನೋಡಿದೆ. ಅವತ್ತು ಅಬ್ಬ ತೋಳಿನಿಂದ ಒರೆಸುತ್ತಿದ್ದಾಗ ನಾನು ನುಂಗಿಕೊಂಡದ್ದೆಲ್ಲ ಆ ಮುಖದ ಮೇಲೆ ಇಳಿಯುತ್ತಿತ್ತು.

“ಏನಪ್ಪ, ವಿಮಾನಕ್ಕಿಟ್ಟಿರೋ ಹೆಸ್ರಾ?” ಎಂದರು ವೆಂಕಟರಾಮಯ್ಯ.

ಅಶ್ವತ್ಥ್ ಬಾಯಿ ತೆರೆದ. ಅಷ್ಟರಲ್ಲಿ ಚಿಕ್ಕಬೈರಪ್ಪ, “ಯಾವನ್ಲಾ ಇಂಗೆ ಬರ್ದೋನು? ನಮ್ಮನೇಗ್ ಬಣ್ಣ ಒಡ್ದ ಸಾಬ್ರಲ್ವಾ ರಹಮತುಲ್ಲಾ ಅಂದ್ರೆ? ಇದ್ಕೂ ಅವ್ರೇ ಒಡ್ದವ್ರಾ? ನೀನೇ ಒಡ್ದೆ ಅಂದ್ಯಲ್ಲೋ!” ಎಂದರು.

ಅಬ್ಬ ಅಕ್ಷರಗಳನ್ನೇ ನೋಡುತ್ತಿದ್ದರು. ಅವು ಯಾರ ಕೈಬರಹ ಎಂದು ಅವರಿಗೆ ಗೊತ್ತು. ನನ್ನ ಕಡೆ ತಿರುಗಲಿಲ್ಲ. ಮುಂದೆ ಹೋಗಿ, “ಬರೆದಿದ್ದು ನಾನೇ ಸಾರ್,” ಎಂದರು.

ವೆಂಕಟರಾಮಯ್ಯ ಅಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಕೇಳಿದರು. ಎಷ್ಟು ನೀರು ಸೇರಿಸ್ತೀರಿ, ಎಷ್ಟು ಹೊತ್ತು ಒಣಗಿಸ್ತೀರಿ, ಬ್ರಷ್ ಯಾಕೆ ಬೇಡ. ಅಬ್ಬ ಎಲ್ಲಕ್ಕೂ ಉತ್ತರ ಕೊಟ್ಟರು. ಅದರಲ್ಲಿ ಒಂದನ್ನು ಎಂಜಿನಿಯರು ಅಶ್ವತ್ಥನನ್ನೂ ಕೇಳಿದರು. ಅವನಿಗೆ ಗೊತ್ತಿರಲಿಲ್ಲ.

“ಈ ಬಟ್ಟೆ ಕೀಳ್ಬೇಕು,” ಎಂದರು ವೆಂಕಟರಾಮಯ್ಯ. “ಹೊಸ್ದಾಗಿ ಹಾಕಿ. ಕೈಯಾರೆ ಅಂದ್ರಲ್ಲ, ಈ ಸಲ ನೀವೇ ಹಚ್ಚಿ. ಬಲ್ಬ್ ಹಿಡ್ದು ಇವ್ರು ನೋಡ್ಲಿ. ಇವ್ರು ಸರಿ ಅನ್ನೋವರ್ಗೂ ನಾನು ಸಹಿ ಹಾಕಲ್ಲ.”

ವಾಪಸು ಬರುವಾಗ ಬಸ್ಸು ಅಲ್ಲಾಳಸಂದ್ರ ದಾಟಿತು. ಆಗ ಅಬ್ಬ ಕೇಳಿದರು: “ಸುಮೈರಾ, ಅವನು ಬಲ್ಬು ಹಾಕಿ ನೋಡದೆ ಹಾಗೇ ಹಾರಿಬಿಟ್ಟಿದ್ದರೆ?”

ಬಂದವರಿಗೆಲ್ಲ ಬಲ್ಬು ಹಾಕಿ ತೋರಿಸುವುದು ಅವನ ಚಟ, ಹಾಕದೇ ಇರುವವನಲ್ಲ ಎಂದು ಹೇಳಬಹುದಿತ್ತು. ಅವರಿಗೆ ಎರಡನೇ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ಹಾರಿಬಿಡಬಹುದು ಅಂತಲೂ ಯೋಚಿಸಿದ್ದೆ ಅಬ್ಬಾ,” ಎಂದೆ.

ಅವರು ಕಿಟಕಿಯ ಕಡೆ ತಿರುಗಿದರು. ಹೆಬ್ಬಾಳದಲ್ಲಿ ಇಳಿಯುವವರೆಗೂ ನನ್ನ ಕಡೆ ನೋಡಲಿಲ್ಲ. ಅವರು ಎಲ್ಲವನ್ನೂ ಕ್ಷಮಿಸಿಬಿಡುವ ಮನುಷ್ಯ, ನನ್ನ ಈ ಸಿಟ್ಟು ಅವರಿಂದ ಬಂದದ್ದಲ್ಲ ಎಂದು ಆಗ ನಂಬಿದ್ದೆ.

ಹೊಸ ಬಟ್ಟೆ ಬಿಗಿಸಿದ ಮೇಲೆ ಅಶ್ವತ್ಥ್ ಮೊಣಕಾಲೂರಿ ಸ್ಪಾಂಜು ಹಿಡಿದ. ಅಬ್ಬ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತರು. ಬೈಯಲಿಲ್ಲ, ಹಂಗಿಸಲಿಲ್ಲ. ಬಲ್ಬು ಹಿಡಿಯುವ ಕೆಲಸ ನನ್ನದು.

“ಇಲ್ಲಿ ಬಿಟ್ಟಿದೆ ಸಾರ್,” ಎನ್ನುತ್ತಿದ್ದರು. ಅವನು ಮತ್ತೆ ಉಜ್ಜುತ್ತಿದ್ದ. “ಇಲ್ಲಿ ದಪ್ಪ ಆಯ್ತು, ಕೆರೀಬೇಕು.” ಅವನು ಕೆರೆಯುತ್ತಿದ್ದ. ಗೆಳೆಯರು ಎರಡು ದಿನ ಬಂದು ತಮಾಷೆ ನೋಡಿದರು, ಮೂರನೇ ದಿನ ಬರಲಿಲ್ಲ. ಅವನ ಉಗುರುಗಳ ಸುತ್ತ ಕಪ್ಪು ನಿಂತಿತು. ಎಂಟನೇ ದಿನಕ್ಕೆ “ಸಾಬ್ರೇ” ಎನ್ನುವುದನ್ನು ಬಿಟ್ಟು “ರಹಮತುಲ್ಲಾ ಅವ್ರೇ” ಎನ್ನತೊಡಗಿದ.

ಹದಿನೈದನೇ ದಿನ ಮಧ್ಯಾಹ್ನ ಬಾಗಿಲು ಎಳೆದು ಬಲ್ಬು ಹೊತ್ತಿಸಿದೆ. ರೆಕ್ಕೆ ಈ ತುದಿಯಿಂದ ಆ ತುದಿಯವರೆಗೆ ಕಗ್ಗಪ್ಪು. ನನ್ನ ಓದಿನ ಮೇಲೆ ಆಣೆಯಿಟ್ಟು ಹೇಳಬಲ್ಲೆ, ಎಳ್ಳಷ್ಟೂ ಬೆಳಕು ಇರಲಿಲ್ಲ.

“ಆಯ್ತಾ, ರಹಮತುಲ್ಲಾ ಅವ್ರೇ?” ಎಂದ ಅಶ್ವತ್ಥ್. ಅವನ ದನಿ ಅಂಗಲಾಚುವಂತಿತ್ತು.

ಅಬ್ಬ ಎದ್ದು ಬಂದರು. ನಿಧಾನವಾಗಿ ರೆಕ್ಕೆಯ ಉದ್ದಕ್ಕೂ ನಡೆದರು. ನಡುವೆ, ಮೊದಲು ಹೆಸರು ಉರಿದಿದ್ದ ಜಾಗದಲ್ಲಿ ನಿಂತು, ಆ ಗಟ್ಟಿ ಕತ್ತಲ ಮೇಲೆ ಬೆರಳಿಟ್ಟರು.

“ಇಲ್ಲಿ ಬಿಟ್ಟಿದೆ ಸಾರ್,” ಎಂದರು. “ಕೆರೆದು ಮತ್ತೆ ಹಚ್ಚಿ.”

ಅವನು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದ. ಏನೂ ಕಾಣದೆ ನನ್ನ ಮುಖ ನೋಡಿದ.

“ಹೌದು, ಬಿಟ್ಟಿದೆ,” ಎಂದೆ.

ಅಶ್ವತ್ಥ್ ಉಪ್ಪುಕಾಗದ ತೆಗೆದುಕೊಂಡು ಮೊಣಕಾಲೂರಿದ. ಅಬ್ಬ ಸ್ಟೂಲಿಗೆ ಮರಳಿ ಕೂತು, ಬಲ್ಬನ್ನು ಇನ್ನೂ ಸ್ವಲ್ಪ ಎತ್ತರಕ್ಕೆ ಹಿಡಿಯುವಂತೆ ನನಗೆ ಕೈಸನ್ನೆ ಮಾಡಿದರು.