ಲೀಟರಿಗೆ ಇಪ್ಪತ್ತೆಂಟು

ಹೊಸ ಗಾಡಿಗೆ ದೃಷ್ಟಿ ತಾಗದಿರಲೆಂದು ಪಾರ್ವತೆಮ್ಮ ಅದರ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರೆ ಗಂಡ ದೇವೇಂದ್ರಪ್ಪ ಮರುದಿನವೇ ಅದನ್ನು ಕಿತ್ತೊಗೆದ. ಅದರಿಂದ ಮೈಲೇಜ್ ಕಡಿಮೆಯಾಗುತ್ತದಂತೆ. ಒಂದು ನಿಂಬೆಹಣ್ಣಿನ ಭಾರಕ್ಕೆ ಹೆದರುವ ಗಾಡಿಯನ್ನು ಅಷ್ಟು ದುಡ್ಡು ಸುರಿದು ಯಾಕೆ ತಂದಿರಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅರ್ಧ ತಾಸು ಪಾಠ ಕೇಳಬೇಕಾಗುತ್ತಿತ್ತು.

ಆ ಪಾಠ ಗಂಗಾವತಿಯ ಅವರ ಓಣಿಗೆಲ್ಲ ಬಾಯಿಪಾಠವಾಗಿತ್ತು. ಇದು ಹೈಬ್ರಿಡ್, ಪೆಟ್ರೋಲ್ ಎಂಜಿನ್ನೂ ಉಂಟು, ಬ್ಯಾಟರಿಯೂ ಉಂಟು. ಕಾಲು ಹಗುರಾಗಿ ಊರಿದರೆ ಎಂಜಿನ್ ಸುಮ್ಮನಾಗಿ ಬ್ಯಾಟರಿಯೇ ಎಳೆಯುತ್ತದೆ, ಆಗ ಎದುರಿನ ಪರದೆಯಲ್ಲಿ ಹಸಿರು ಎಲೆ ಮೂಡುತ್ತದೆ. ಗೊಬ್ಬರದಂಗಡಿಯ ದೇವೇಂದ್ರಪ್ಪ ಜೀವಮಾನದಲ್ಲಿ ಒಂದು ಸಸಿ ನೆಟ್ಟವನಲ್ಲ, ಈಗ ಆ ಒಂದು ಎಲೆಗಾಗಿ ಹಪಹಪಿಸುತ್ತಿದ್ದ. ಅವನ ಸಂಕಟಕ್ಕೆ ಕಾರಣ ಎದುರಂಗಡಿಯ ಅಮರಪ್ಪ. ಅವನೂ ಅದೇ ಗಾಡಿ ತಂದು, ಲೀಟರಿಗೆ ಇಪ್ಪತ್ತೆಂಟು ಕಿಲೋಮೀಟರ್ ಬಂತೆಂದು ಪರದೆಯ ಫೋಟೋ ಹೊಡೆದು ವ್ಯಾಪಾರಸ್ಥರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ದೇವೇಂದ್ರಪ್ಪನ ಗಾಡಿ ಇಪ್ಪತ್ತನಾಲ್ಕರ ಮೇಲೆ ಏರಿರಲಿಲ್ಲ. ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ಸ್ಟೆಪ್ನಿ ಗಾಲಿ ತೆಗೆದು ಅಟ್ಟಕ್ಕೆ ಹಾಕಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನೆ ಅನ್ನುತ್ತಾರೆ, ಇವನೋ ಆ ಕೊಡೆಯ ಭಾರ ತೂಗುತ್ತ ನಿಂತಿದ್ದ.

ಇದನ್ನೆಲ್ಲ ಪಾರ್ವತೆಮ್ಮ ಸಹಿಸಿಕೊಂಡಿದ್ದಳು. ಮಂಗಳೂರಿನ ಪ್ರಯಾಣ ಮಾತ್ರ ಬೇರೆ ಮಾತು. ಕಡಲ ಕಡೆಯ ಮಂಗಳೂರಲ್ಲ, ಯಲಬುರ್ಗಾ ಕಡೆಯದು. ಮಗಳು ಸುನಿತಾಳನ್ನು ಕೊಟ್ಟ ಊರು. ಮದುವೆಯಾಗಿ ಎಷ್ಟೋ ವರ್ಷ ಹರಕೆ ಹೊತ್ತ ಮೇಲೆ ಸುನಿತಾಳ ಬಸಿರು ನಿಂತಿತ್ತು, ಏಳನೆಯ ತಿಂಗಳಿಗೆ ಕುಬಸ ಇಟ್ಟುಕೊಂಡಿದ್ದರು. ಕುಬಸಕ್ಕೆ ತವರಿನವರು ಹಸಿರು ಸೀರೆ, ಬಳೆ, ಐದು ಬುಟ್ಟಿ ತಿಂಡಿ ಒಯ್ಯಬೇಕು. ಬುಟ್ಟಿಗಳು ಬೀಗರ ಪಡಸಾಲೆಯಲ್ಲಿ ಸಾಲಾಗಿ ಕೂರಬೇಕು, ಓಣಿಯ ಹೆಂಗಸರು ಮೇಲಿನ ಬಟ್ಟೆ ಸರಿಸಿ ನೋಡಬೇಕು. ಅದಾದ ಮೇಲೆ ಬಸುರಿಯನ್ನು ಹೆರಿಗೆಗೆಂದು ತವರಿಗೆ ಕರೆತರುವುದು. ಆದರೆ ಬೀಗತಿಗೆ ಸೊಸೆಯನ್ನು ಕಳಿಸಲು ಮನಸ್ಸಿರಲಿಲ್ಲ, ಕುಬಸದ ದಿನ ನೋಡೋಣ ಅಂದಿದ್ದಳು. ಸುನಿತಾ ಮಾತ್ರ ಫೋನಿನಲ್ಲಿ ಅತ್ತಿದ್ದಳು.

“ಯವ್ವಾ, ಹೆಂಗರ ಮಾಡಿ ನನ್ನ ಕರಕೊಂಡು ಹೋಗು. ನಿನ್ನ ಕೈಯಾಗ ಬಾಣಂತನ ಆಗಬೇಕು.”

ಪಾರ್ವತೆಮ್ಮನಿಗೆ ಬೇರೆ ಏನೂ ಬೇಕಿರಲಿಲ್ಲ. ಪಕ್ಕದ ಮನೆಯ ತಾಜಬೀಯನ್ನು ಕೂಡಿಕೊಂಡು ಕರಚಿಕಾಯಿ ಕರಿದಳು, ಶೇಂಗಾ ಹೋಳಿಗೆ ಬೇಯಿಸಿದಳು, ಉಂಡೆ ಕಟ್ಟಿದಳು. ಹೊರಡುವ ಬೆಳಿಗ್ಗೆ ದೇವೇಂದ್ರಪ್ಪ ಬುಟ್ಟಿಗಳನ್ನು ತಾನೇ ಇಡುತ್ತೇನೆಂದಾಗ ಅವಳಿಗೆ ಅನುಮಾನ ಬರಬೇಕಿತ್ತು. ಉಂಡ ತಾಟನ್ನೂ ಎತ್ತದ ಮನುಷ್ಯ ಅವನು. ಮೊಮ್ಮಗುವಿನ ಸಂಭ್ರಮ ಎಂದುಕೊಂಡಳು, ಪಾಪ.

ದಾರಿಯಲ್ಲಿ ಎ.ಸಿ. ಬಂದ್. ಕಿಟಕಿಯೂ ಬಂದ್, ಕಿಟಕಿ ತೆರೆದರೆ ಗಾಳಿ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದಂತೆ. ಹೊರಗೆ ಬಿರುಬಿಸಿಲು, ಒಳಗೆ ಪಾರ್ವತೆಮ್ಮ ಇಡ್ಲಿಯಂತೆ ಬೇಯುತ್ತ ಕೂತಿದ್ದಳು. ಟಂಟಂ ಆಟೋಗಳು ಹಿಂದೆ ಹಾಕಿದವು, ಹುಲ್ಲು ಹೇರಿದ ಟ್ರ್ಯಾಕ್ಟರೂ ಹಿಂದೆ ಹಾಕಿತು. ದೇವೇಂದ್ರಪ್ಪನಿಗೆ ನಾಚಿಕೆಯಿಲ್ಲ. ಅವನ ಕಣ್ಣು ರಸ್ತೆಯ ಮೇಲೆ ಕಡಿಮೆ, ಪರದೆಯ ಮೇಲೆ ಹೆಚ್ಚು. ಎಲೆ ಮೂಡಿದಾಗ ಮುಖ ಅರಳುತ್ತಿತ್ತು. ಮಗಳು ಬಸುರಿಯಾದ ಸುದ್ದಿ ಬಂದಾಗಲೂ ಆ ಮುಖ ಅಷ್ಟು ಅರಳಿರಲಿಲ್ಲ.

ಬೂದಗುಂಪಾ ಕ್ರಾಸಿನಲ್ಲಿ ತಲೆ ಸುತ್ತಿ ಬಂದು ಅವಳು ಗಾಡಿ ನಿಲ್ಲಿಸಲು ಹೇಳಿದಳು. ನೀರಿನ ಬಾಟಲಿಗೆಂದು ಡಿಕ್ಕಿ ತೆಗೆದರೆ ಅಲ್ಲಿ ಸೀರೆಯ ಚೀಲದ ಪಕ್ಕ ಒಂದೇ ಒಂದು ಬುಟ್ಟಿ, ಅದೂ ಎಲ್ಲಕ್ಕಿಂತ ಸಣ್ಣದು. ಉಳಿದವು ಎಲ್ಲಿ ಎಂದು ಕೇಳಿದಳು. ಅಡುಗೆಮನೆಯಲ್ಲೇ ಇವೆ, ಅಷ್ಟು ವಜ್ಜ ಹಾಕಿದರೆ ಗಾಡಿ ಎಳೆಯುವುದಿಲ್ಲ, ಕುಕನೂರಿನಲ್ಲಿ ಬೇಕರಿ ಇದೆಯಲ್ಲ, ಎರಡು ಡಬ್ಬಿ ತಗೊಂಡರಾಯಿತು ಅಂದ. ತಪ್ಪು ಮಾಡಿದವನ ದನಿಯಲ್ಲ ಅದು, ಉಪಾಯ ಕಂಡುಹಿಡಿದವನ ದನಿ.

“ತವರಿನವರು ಬೇಕರಿ ಡಬ್ಬಿ ಹಿಡಕೊಂಡು ಕುಬಸಕ್ಕ ಬಂದ್ರು ಅಂತ ಆ ಓಣಿ ನನ್ನ ಮಗಳಿಗೆ ಸಾಯೂ ತನಕ ಆಡಿ ತೋರಸ್ತೈತಿ” ಅಂದಳು ಪಾರ್ವತೆಮ್ಮ. “ಗಾಡಿ ತಿರಗಸ್ರಿ.”

“ಈಗ ಇಪ್ಪತ್ತೇಳು ತೋರಸಾಕತ್ತೈತಿ. ತಿರುಗಿ ಹೋದ್ರ ಎಲ್ಲಾ ಕೆಡ್ತೈತಿ.”

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇವನ ಕೈಯಲ್ಲಿ ಅದು ಅಡಕೆಗೂ ಅಲ್ಲ, ಒಂದು ಅಂಕಿಗೆ ಹೋಗುತ್ತಿತ್ತು. ಪಾರ್ವತೆಮ್ಮನಿಗೆ ಮೈಯೆಲ್ಲ ಉರಿಯಿತು. ಗಂಡನ ಜೊತೆ ಮತ್ತೆ ಮಾತು ಬೆಳೆಸದೆ ತಾಜಬೀಗೆ ಫೋನ್ ಹಚ್ಚಿದಳು. ಮನೆಯ ಕೀಲಿ ಅವಳ ಹತ್ತಿರವೇ ಇತ್ತು, ಅವಳ ಗಂಡ ರೆಹಮಾನನ ಗೂಡ್ಸ್ ಆಟೋ ಬಾಗಿಲಲ್ಲೇ ಇತ್ತು. ರೆಹಮಾನ ಬುಟ್ಟಿ ಹೇರಿಕೊಂಡು ದೂಳೆಬ್ಬಿಸುತ್ತ ಬಂದ. ಪಾರ್ವತೆಮ್ಮ ರೇಷ್ಮೆ ಸೀರೆ ಎತ್ತಿ ಕಟ್ಟಿ, ಡಿಕ್ಕಿಯಲ್ಲಿದ್ದುದನ್ನೆಲ್ಲ ಆಟೋಕ್ಕೆ ಹಾಕಿ ಅವನ ಪಕ್ಕ ಹತ್ತಿ ಕೂತಳು. ದೇವೇಂದ್ರಪ್ಪ ತಡೆಯಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಖುಷಿಯಾಗಿತ್ತು.

ಆಟೋ ಗಡಗಡ ಅನ್ನುತ್ತ ಹೊತ್ತಿಗೆ ಸರಿಯಾಗಿ ಮಂಗಳೂರು ಮುಟ್ಟಿತು. ಐದು ಬುಟ್ಟಿಗಳೂ ಪಡಸಾಲೆಯಲ್ಲಿ ಕೂತವು, ಸುನಿತಾ ತವರಿನ ಹಸಿರು ಸೀರೆ ಉಟ್ಟಳು. ಯಜಮಾನರು ಅಂಗಡಿಯ ತುರ್ತಿಗೆ ಹಿಂದೆ ಉಳಿದರು, ಬರುತ್ತಾರೆ ಎಂದು ಪಾರ್ವತೆಮ್ಮ ಸುಳ್ಳು ಹೇಳಿ ಗಂಡನ ಮಾನ ಮುಚ್ಚಿದಳು. ಹೆಂಗಸರು ಕರಚಿಕಾಯಿ ಮುರಿದು ತಿಂದು ಹೊಗಳಿದರು. ಬೀಗತಿಯ ಮನಸ್ಸೂ ಕರಗಿತು. ಕರಕೊಂಡು ಹೋಗ್ರಿ ಬೀಗತೇರ, ಹುಷಾರಾಗಿ ಒಯ್ರಿ ಅಂದಳು. ಸುನಿತಾ ತಾಯಿಯ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಆರತಿ ಮುಗಿದ ಮೇಲೆ ದೇವೇಂದ್ರಪ್ಪ ಬಂದ. ಮಗಳ ತಲೆ ಸವರುವ ಮೊದಲು ಅಳಿಯ ಕಲ್ಲೇಶನಿಗೆ ಫೋನಿನಲ್ಲಿ ಫೋಟೋ ತೋರಿಸಿದ. ಇಪ್ಪತ್ತೆಂಟೂವರೆ. ಊಟದ ಪಂಕ್ತಿಯಲ್ಲಿ ಕೂತು ಇದರ ಗುಟ್ಟನ್ನೂ ಎಲ್ಲರಿಗೂ ಬಿಡಿಸಿ ಹೇಳಿದ. ಬುಟ್ಟಿ ಬಿಟ್ಟು ಬಂದಿದ್ದಕ್ಕೆ ಇಪ್ಪತ್ತೇಳು ಬಂತು, ಕ್ರಾಸಿನಲ್ಲಿ ಇವಳು ಇಳಿದ ಮೇಲೆ ಒಂದೂವರೆ ಏರಿತು ಅಂದ. ಬಡಿಸುತ್ತಿದ್ದ ಬೀಗತಿಯ ಸೌಟು ನಿಂತಿತು. ಪಾರ್ವತೆಮ್ಮನಿಗೆ ನೆಲ ಬಾಯಿಬಿಟ್ಟರೆ ಸಾಕು ಅನಿಸಿತು. ಸುನಿತಾ ಅಪ್ಪನನ್ನೇ ನೋಡುತ್ತಿದ್ದಳು.

ಬಿಸಿಲು ಇಳಿದ ಮೇಲೆ ಹೊರಡಲು ಅಣಿಯಾದರು. ರೆಹಮಾನ ಉಂಡು ಆಗಲೇ ಆಟೋ ತಗೊಂಡು ಊರಿಗೆ ಮರಳಿದ್ದ. ಕಲ್ಲೇಶ ಹೆಂಡತಿಯ ಬಟ್ಟೆಯ ಚೀಲ, ದಿಂಬು ತಂದಿಟ್ಟ. ದೇವೇಂದ್ರಪ್ಪ ಚೀಲವನ್ನು ಒಂದು ಕೈಯಲ್ಲಿ ಎತ್ತಿ ನೋಡಿ, ಇದಿಷ್ಟೂ ಬೇಕೇನವ್ವಾ ಎಂದು ಕೇಳಿದ. ಸುನಿತಾ ಗಾಡಿಯ ಬಾಗಿಲ ಮೇಲೆ ಕೈ ಇಟ್ಟು ನಿಂತಳು.

“ಯಪ್ಪಾ, ನಾನೂ ಕೂಸೂ ಕುಂತ್ರ ಎಷ್ಟು ಕಡಿಮಿ ಆಗ್ತೈತಿ?”

ಇಂಥ ಪ್ರಶ್ನೆಗೆ ಅಪ್ಪ ಅನ್ನಿಸಿಕೊಂಡ ಯಾರೇ ಆಗಲಿ ನಗಬೇಕಿತ್ತು, ಇಲ್ಲವೇ ಬೈಯಬೇಕಿತ್ತು. ದೇವೇಂದ್ರಪ್ಪ ಲೆಕ್ಕ ಹಾಕಿದ. ಮಗಳನ್ನು ತಲೆಯಿಂದ ಕಾಲಿನ ತನಕ ನೋಡಿ, ಹೊಟ್ಟೆಯ ಹತ್ತಿರ ತುಸು ತಡೆದು, ಪರದೆಯ ಕಡೆ ತಿರುಗಿದ.

“ನಿಮ್ಮವ್ವನೂ ಕುಂತ್ರ ಮೂರು ಇಳೀತೈತಿ ಅನಸ್ತೈತಿ” ಅಂದ. “ಎ.ಸಿ. ಹಚ್ಚಲಿಲ್ಲಂದ್ರ ಎರಡು.”

ಕಟ್ಟೆಯ ಮೇಲಿದ್ದ ಹೆಂಗಸರು ಇತ್ತ ತಿರುಗಿದರು. ಸುನಿತಾ ಬಾಗಿಲ ಮೇಲಿನ ಕೈ ತೆಗೆದಳು.

“ಹಂಗಾರ ನೀ ಹೋಗಿ ಬಾರಪ್ಪ. ನಾ ಇಲ್ಲೇ ಹಡೀತೀನಿ.”

ಅವಳು ಚೀಲವನ್ನು ಎತ್ತಲು ಬಾಗಿದಾಗ ಅತ್ತೆಯೇ ಓಡಿ ಬಂದು ಅದನ್ನು ತೆಗೆದುಕೊಂಡಳು, ಸೊಸೆಯ ಬೆನ್ನ ಮೇಲೆ ಕೈಯಿಟ್ಟು ಒಳಗೆ ಕರೆದೊಯ್ದಳು. ತನ್ನ ಕೈಯಲ್ಲಿ ಆಗಬೇಕಿದ್ದ ಬಾಣಂತನ ಹೊಸ್ತಿಲು ದಾಟಿ ಬೇರೆಯವಳ ಕೈಗೆ ಹೋದದ್ದನ್ನು ಪಾರ್ವತೆಮ್ಮ ನಿಂತು ನೋಡಿದಳು. ಗಂಡ ಅವಳಿಗೆ ಗಾಡಿ ಹತ್ತು ಅಂದ. ಈಗ ಗಾಡಿ ಹಗುರಾಗಿದೆ, ಎ.ಸಿ. ಹಚ್ಚುತ್ತೇನೆ ಅಂತಲೂ ಅಂದ.